ಕುದಿಬಿಂದು ಹೋಲಿಸುವಾಗ ಮೊದಲು ಏನು ನೋಡಬೇಕು

ರಸಾಯನಶಾಸ್ತ್ರ ಓದುತ್ತಿರುವವರಿಗೆ, ಹೇಳಿಕೊಡುತ್ತಿರುವವರಿಗೆ ಒಂದು ಸಲಹೆ. ನೀರು ಕುದಿಯುವಾಗ ಹೈಡ್ರೋಜನ್-ಆಕ್ಸಿಜನ್ ಬಂಧ ಮುರಿಯುತ್ತದೆ ಎಂದು ತುಂಬ ಜನ ಬರೆಯುತ್ತಾರೆ. ಅದು ತಪ್ಪು. ಆವಿಯಾದ ಮೇಲೂ ನೀರು ನೀರೇ. ಬಿಟ್ಟುಹೋಗುವುದು ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವೆ ಇರುವ ಸೆಳೆತ ಮಾತ್ರ. ಈ ಸೆಳೆತ ಹೆಚ್ಚಿದ್ದಷ್ಟೂ ಕುದಿಬಿಂದು ಹೆಚ್ಚು, ಹಾಗಾಗಿ ಹೋಲಿಸುವಾಗ ಮೊದಲು ನೋಡಬೇಕಾದ್ದು ಇದನ್ನೇ. ಇದು ತಲೆಯಲ್ಲಿ ಗಟ್ಟಿಯಾಗಿ ಕೂತರೆ ಅರ್ಧ ಪಾಠ ಮುಗಿದಂತೆ.

ಎಥನಾಲ್ ಮತ್ತು ಡೈಮೀಥೈಲ್ ಈಥರ್‌ಗಳ ರಚನೆಯನ್ನು ಪಕ್ಕಪಕ್ಕ ಬರೆದುಕೊಳ್ಳಿ. ಎರಡರಲ್ಲೂ 2 ಕಾರ್ಬನ್, 6 ಹೈಡ್ರೋಜನ್, 1 ಆಕ್ಸಿಜನ್. ಅಣುತೂಕವೂ ಒಂದೇ, 46. ಆದರೂ ಎಥನಾಲ್ ಕುದಿಯುವುದು ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಈಥರ್ ಮೈನಸ್ 24ರಲ್ಲೇ! ಎಥನಾಲ್‌ನಲ್ಲಿ ಒಂದು ಹೈಡ್ರೋಜನ್ ನೇರವಾಗಿ ಆಕ್ಸಿಜನ್‌ಗೆ ಸೇರಿಕೊಂಡಿದೆ, ಹಾಗಾಗಿ ಪಕ್ಕದ ಅಣುವಿನ ಆಕ್ಸಿಜನ್ ಜೊತೆ ಹೈಡ್ರೋಜನ್ ಬಂಧ, ಅಂದರೆ ಅಣುಗಳ ನಡುವಿನ ಒಂದು ಬಲವಾದ ಸೆಳೆತ, ಏರ್ಪಡುತ್ತದೆ. ಈಥರ್‌ನಲ್ಲಿ ಹೈಡ್ರೋಜನ್‌ಗಳೆಲ್ಲ ಕಾರ್ಬನ್‌ಗೇ ಸೇರಿವೆ, ಹಾಗಾಗಿ ಅದರ ಅಣುಗಳ ನಡುವೆ ಆ ಬಂಧ ಇಲ್ಲ. ನನಗಂತೂ ಈ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಹಾಗಂತ ಹೈಡ್ರೋಜನ್ ಬಂಧ ಇಲ್ಲದ ಕಡೆ ಸೆಳೆತವೇ ಕಡಿಮೆ ಎಂದುಕೊಳ್ಳಬೇಡಿ. ಅಯೋಡಿನ್ ಅಣುವಿಗೆ ಧ್ರುವೀಯತೆಯೇ (ಒಂದು ತುದಿ ಧನ, ಇನ್ನೊಂದು ತುದಿ ಋಣ ಆಗಿರುವುದು) ಇಲ್ಲ, ಆದರೂ ಕೋಣೆಯ ತಾಪದಲ್ಲಿ ಘನ. ಅಣುವನ್ನು ಸುತ್ತುವರಿದ ಎಲೆಕ್ಟ್ರಾನ್‌ಗಳ ಮೋಡ ಅಷ್ಟು ದೊಡ್ಡದು, ಹಾಗಾಗಿ ಅಣುಗಳ ನಡುವಿನ ಸೆಳೆತವೂ ಹೆಚ್ಚು.

ಸೆಳೆತದ ವ್ಯತ್ಯಾಸವನ್ನು ಕಣ್ಣಾರೆ ನೋಡಬೇಕೆಂದರೆ ಗಾಜಿನ ಮೇಲೆ ನೀರು, ಅಸಿಟೋನ್ ಒಂದೊಂದು ಹನಿ ಬಿಡಿ. ಹತ್ತಿರ ಬೆಂಕಿ ಇರಬಾರದು, ಕಿಟಕಿ ತೆರೆದಿರಲಿ. ಅಸಿಟೋನ್ ತೆಳುವಾಗಿ ಹರಡಿ ನೋಡನೋಡುತ್ತಲೇ ಆರಿಹೋಗುತ್ತದೆ. ನೀರಿನ ಹನಿ ಇನ್ನೂ ಉಬ್ಬಿಕೊಂಡು ಅಲ್ಲೇ ಕೂತಿರುತ್ತದೆ, ಅದರ ಅಣುಗಳ ನಡುವಿನ ಸೆಳೆತ ಹೆಚ್ಚು.