ಬಾಯಾರಿದ ಗಿಡವೇ ಘಮಘಮಿಸುವುದು

ಹಿತ್ತಲ ನಿಂಬೆ ಸೊಕ್ಕಿ ಬೆಳೆದಿದೆ, ಎಲೆ ಕಡುಹಸಿರು, ಹೂವು ಮಾತ್ರ ಇಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಇದಕ್ಕೆ ಬಹುತೇಕ ಕಾರಣ ವರ್ಷಪೂರ್ತಿ ಬುಡಕ್ಕೆ ಹರಿಯುವ ಬಚ್ಚಲ ನೀರು. ನಿಂಬೆ ಜಾತಿಯ ಗಿಡಗಳು ಚಳಿಗೋ ಬರಕ್ಕೋ ಬೆಳವಣಿಗೆ ನಿಲ್ಲಿಸಿ, ಆಮೇಲೆ ನೀರು ಸಿಕ್ಕಾಗ ಹೂವಿಗೆ ಬರುತ್ತವೆ. ನಮ್ಮ ಚಳಿ ಇದಕ್ಕೆ ಸಾಲದು. ಹೀಗಾಗಿ ನೀರು ನಿಲ್ಲಿಸಿಯೇ ಹೂವು ತರಿಸಬೇಕು.

ಯಾವ ಗಿಡ?

ಘಮಕ್ಕೆಂದೇ ನೆಡುವುದಾದರೆ ಮೊದಲ ಆಯ್ಕೆ ಚಕ್ಕೋತ. ದಪ್ಪ ಎಸಳಿನ ದೊಡ್ಡ ಹೂವು, ಗೊಂಚಲು ಗೊಂಚಲಾಗಿ ಬಿಟ್ಟು ಸಂಜೆ ಅಂಗಳವನ್ನೆಲ್ಲ ತುಂಬುತ್ತದೆ. ಆದರೆ ಗಿಡ ದೊಡ್ಡದಾಗುತ್ತದೆ, ಸುತ್ತ 20 ಅಡಿ ಜಾಗ ಬೇಕು. ಜಾಗ ಕಡಿಮೆಯಿದ್ದರೆ ನಿಂಬೆ ಅಥವಾ ಮಾದಲ. ನಿಂಬೆಯ ಘಮ ಮೆಲ್ಲನೆಯದು, ಆದರೆ ವರ್ಷದಲ್ಲಿ ಎರಡು ಮೂರು ಸಲ ಹೂವಾಗುತ್ತದೆ. ಮಾದಲದ ಮೊಗ್ಗಿನ ಹೊರಮೈಯಲ್ಲಿ ನೇರಳೆ ಛಾಯೆ ಇರುತ್ತದೆ, ನೋಡಲೂ ಚೆಂದ.

ಬೀಜದಿಂದ ಎಬ್ಬಿಸಿದ ನಿಂಬೆ ಹೂವಿಗೆ ಬರಲು ನಾಲ್ಕೈದು ವರ್ಷ ಬೇಕು, ಚಕ್ಕೋತಕ್ಕೆ ಇನ್ನೂ ಹೆಚ್ಚು. ಕಸಿ ಅಥವಾ ಗೂಟಿ (ಟೊಂಗೆ ತಾಯಿಗಿಡದಲ್ಲಿರುವಾಗಲೇ ಬೇರು ಬರಿಸಿ ಕತ್ತರಿಸಿದ) ಗಿಡವನ್ನೇ ತನ್ನಿ. ನಮ್ಮ ಸುಣ್ಣದ ಮಣ್ಣು, ಸವಳು ನೀರನ್ನು ರಂಗಪುರ ನಿಂಬೆಯ ಬೇರು ಚೆನ್ನಾಗಿ ತಾಳಿಕೊಳ್ಳುತ್ತದೆ. ನರ್ಸರಿಯಲ್ಲಿ ಕಸಿ ಯಾವ ಬೇರಿನ ಮೇಲಿದೆ ಎಂದು ಕೇಳಿಯೇ ಕೊಳ್ಳಿ.

ಎಲ್ಲಿ, ಹೇಗೆ ನೆಡಬೇಕು?

ಮನೆಯ ಮೂಡಣ ದಿಕ್ಕಿನಲ್ಲಿ, ಕೂರುವ ಕಟ್ಟೆಯಿಂದ 10–15 ಅಡಿ ದೂರದಲ್ಲಿ. ಚಳಿಗಾಲದ ಗಾಳಿ ಮೂಡಣದಿಂದ ಬೀಸುವುದರಿಂದ ಜನವರಿ–ಫೆಬ್ರವರಿಯ ಘಮ ನೇರ ಮನೆಯ ಕಡೆಗೆ ಬರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನದ ನಂತರ ಮನೆಯ ನೆರಳೂ ಸಿಗುತ್ತದೆ. ಪಡುವಣ ಗೋಡೆಗೆ ಅಂಟಿಸಿ ನೆಟ್ಟರೆ ಕಾದ ಗೋಡೆಯ ಝಳಕ್ಕೆ ಚಿಗುರೇ ಸುಡುತ್ತದೆ.

2 ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಮೇ ತಿಂಗಳಲ್ಲಿ ತೋಡಿ, ಎರಡು ವಾರ ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ 15 ಕಿಲೋ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, 1 ಕಿಲೋ ಬೇವಿನ ಹಿಂಡಿ ಬೆರೆಸಿ ತುಂಬಿ. ಮಸಾರಿ (ಕೆಂಪು) ಮಣ್ಣಾದರೆ ಇಷ್ಟು ಸಾಕು. ಎರೆ (ಕಪ್ಪು) ಮಣ್ಣಾದರೆ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಗಳ ಪಕ್ಕ ದಿಬ್ಬವಿಲ್ಲದೆ ನೆಟ್ಟ ಗಿಡ ಉಳಿಯುವುದು ಕಷ್ಟ. ಬೇರಿಗೆ ಗಾಳಿಯಾಡದೆ ಬುಡ ಕೊಳೆಯುತ್ತದೆ.

ಜೂನ್ ಮಳೆ ಬಿದ್ದ ಮೇಲೆ ನೆಡಿ. ಕಸಿಯ ಗಂಟು ನೆಲದಿಂದ ಅರ್ಧ ಅಡಿ ಮೇಲಿರಲಿ, ಅದರ ಕೆಳಗೆ ಬರುವ ಮುಳ್ಳಿನ ಚಿಗುರನ್ನು ಆಗಾಗ ಕಿತ್ತುಹಾಕಿ. ಬಿಟ್ಟರೆ ಬೇರಿನ ಗಿಡವೇ ಬೆಳೆದು ಕಸಿ ಸಾಯುತ್ತದೆ. ಪಾತಿಯನ್ನು ಉಂಗುರದಂತೆ ಮಾಡಿ: ಕಾಂಡದ ಸುತ್ತ ಒಂದು ಅಡಿ ಅಗಲಕ್ಕೆ, ಕಸಿಯ ಗಂಟು ಮುಚ್ಚದಂತೆ ಮಣ್ಣು ಏರಿಸಿ, ಅದರಾಚೆ ನೀರು ನಿಲ್ಲಲಿ.

ನೀರು ನಿಲ್ಲಿಸುವುದು

ಮೂರು ವರ್ಷ ತುಂಬಿದ, ಆರೋಗ್ಯವಾಗಿರುವ ಗಿಡಕ್ಕೆ ಮಾತ್ರ ಇದನ್ನು ಮಾಡಿ. ಡಿಸೆಂಬರ್ ಮೊದಲ ವಾರ ನೀರು ನಿಲ್ಲಿಸಿ. ಬಚ್ಚಲ ಕಾಲುವೆಯನ್ನೂ ಬೇರೆ ಕಡೆ ತಿರುಗಿಸಿ, ಇದನ್ನೇ ಬಹಳ ಜನ ಮರೆಯುವುದು. ಮಸಾರಿ, ಗರಸು ಮಣ್ಣಿನಲ್ಲಿ 20–25 ದಿನ, ಎರೆಯಲ್ಲಿ 40–45 ದಿನ, ಕುಂಡದಲ್ಲಿ 8–10 ದಿನ. ದಿನದ ಲೆಕ್ಕಕ್ಕಿಂತ ಗಿಡವನ್ನು ನೋಡುವುದು ಮೇಲು: ಮಧ್ಯಾಹ್ನ ಬಾಡಿದ ಎಲೆ ಸಂಜೆಗೂ ಚೇತರಿಸಿಕೊಳ್ಳದಿದ್ದರೆ, ಕಾಲು ಭಾಗ ಎಲೆ ಉದುರಿದ್ದರೆ, ಅಲ್ಲಿಗೆ ಸಾಕು. ಇನ್ನೂ ಎಳೆದರೆ ಟೊಂಗೆಯ ತುದಿ ಒಣಗುತ್ತದೆ. ನಡುವೆ ಅಕಾಲ ಮಳೆ ಬಿದ್ದರೆ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಿಡಿಯಬೇಕು.

ಆಮೇಲೆ ಕುರ್ಪಿಯಿಂದ ಎರಡು ಇಂಚು ಮಾತ್ರ ಮಣ್ಣು ಸಡಿಲಿಸಿ. ಆಳಕ್ಕೆ ಅಗೆದರೆ ನೀರು ಹೀರುವ ಬೇರೇ ಕತ್ತರಿಸಿಹೋಗುತ್ತದೆ. 15 ಕಿಲೋ ತಿಪ್ಪೆಗೊಬ್ಬರ, 200 ಗ್ರಾಂ ಅಮೋನಿಯಂ ಸಲ್ಫೇಟ್ ಕೊಡಿ. ಸುಣ್ಣದ ಮಣ್ಣಿಗೆ ಯೂರಿಯಾಗಿಂತ ಇದೇ ಒಳ್ಳೆಯದು. ಮೊದಲ ದಿನ ತೆಳುವಾಗಿ ನೀರು ಕೊಡಿ, ನಾಲ್ಕು ದಿನ ಬಿಟ್ಟು ಸ್ವಲ್ಪ ಹೆಚ್ಚು, ಮೂರನೆಯ ಸಲ ಪಾತಿ ತುಂಬ. ಒಮ್ಮೆಲೇ ತುಂಬಿದರೆ ಬಂದ ಮೊಗ್ಗೂ ಉದುರೀತು. ಮೂರು ವಾರದ ಆಸುಪಾಸಿನಲ್ಲಿ ಹೊಸ ಚಿಗುರಿನೊಂದಿಗೆ ಮೊಗ್ಗು ಕಾಣುತ್ತದೆ. ಹೂವು ಬರುವುದು ಈ ಚಿಗುರಿನಲ್ಲೇ ಆದ್ದರಿಂದ ಈ ಹೊತ್ತಿಗೆ ಕತ್ತರಿ ಮುಟ್ಟಬೇಡಿ.

ಜೂನ್–ಜುಲೈಯಲ್ಲಿ ಮಳೆಯೇ ಇನ್ನೊಂದು ಸಲ ಹೂವು ತರಿಸುತ್ತದೆ. ಆದರೆ ಆಗಿನ ಪಡುವಣ ಗಾಳಿಗೆ ಘಮ ನಿಲ್ಲುವುದಿಲ್ಲ. ಘಮ ಬೇಕೆನ್ನುವವರಿಗೆ ಜನವರಿ–ಫೆಬ್ರವರಿಯ ಹೂವೇ ಹೂವು.

ಎಲೆ ಹಳದಿಯಾದರೆ

ಹೊಸ ಎಲೆ ಚಿಕ್ಕದಾಗಿ, ನರಗಳ ನಡುವೆ ಹಳದಿ ಪಟ್ಟೆ ಬಿದ್ದರೆ ಸತುವಿನ ಕೊರತೆ. ಮಣ್ಣಿನಲ್ಲಿ ಸತುವಿದ್ದರೂ ಸುಣ್ಣ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಬುಡಕ್ಕೆ ಹಾಕಿ ಅಷ್ಟು ಪ್ರಯೋಜನವಿಲ್ಲ. ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಅರಳಿದ ಸುಣ್ಣ ಕಲಸಿ, ಸೋಸಿ, ಎಳೆ ಎಲೆಗೆ ಸಂಜೆ ಸಿಂಪಡಿಸಿ. ಎಲೆಯೆಲ್ಲ ಬಿಳಿಚಿ ನರಗಳ ಜಾಲ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಅನುಮಾನವಿದ್ದರೆ ಮಣ್ಣು, ನೀರು ಎರಡನ್ನೂ ರಾಯಚೂರು, ಗಂಗಾವತಿ ಅಥವಾ ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ. ಗಣಿ ಲಾರಿ ಓಡಾಡುವ ದಾರಿಯ ಪಕ್ಕ ಎಲೆಯ ಮೇಲೆ ಕೆಂಪು ಧೂಳು ಕೂರುತ್ತದೆ, ಅದರ ಜೊತೆ ನುಸಿಯೂ ಹೆಚ್ಚುತ್ತದೆ. ವಾರಕ್ಕೊಮ್ಮೆ ನೀರು ಹೊಡೆದು ತೊಳೆಯಿರಿ.

ಹುಳು, ರೋಗ

ಎಳೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ನಿಂಬೆ ಚಿಟ್ಟೆಯ ಮರಿಹುಳು, ದೊಡ್ಡದಾದ ಮೇಲೆ ಹಸಿರಾಗುತ್ತದೆ. ಒಂದೆರಡು ಗಿಡಕ್ಕೆ ಕೈಯಿಂದ ಹೆಕ್ಕಿದರೆ ಸಾಕು. ಎಲೆಯೊಳಗೆ ಬಿಳಿ ಸುರಂಗ ಕೊರೆಯುವ ಹುಳುವಿಗೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನೊಂದಿಗೆ ಬೆರೆಸಿ ಚಿಗುರಿಗೆ ಸಿಂಪಡಿಸಿ. ಕರಿಬೇವಿನ ಗಿಡವನ್ನು ದೂರವಿಡಿ: ಅದೂ ಇದೇ ಕುಟುಂಬದ್ದು, ರೋಗ ಹರಡುವ ಜಿಗಿಹುಳು ಅದರಲ್ಲೂ ಮರಿ ಮಾಡುತ್ತದೆ.

ಬುಡದಿಂದ ಅಂಟು ಸುರಿದರೆ ತೊಗಟೆಯ ಕೊಳೆತ ಭಾಗ ಹೆರೆದು ಬೋರ್ಡೋ ಮುಲಾಮು ಹಚ್ಚಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧದಲ್ಲಿ ಕರಗಿಸಿ ಬೆರೆಸಿ. ಪ್ಲಾಸ್ಟಿಕ್ ಬಕೆಟ್ ಬಳಸಿ, ಲೋಹದ್ದು ಬೇಡ. ಕಬ್ಬಿಣದ ಮೊಳೆ ಅದ್ದಿದಾಗ ಕೆಂಪಾದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ.

ಹೂವು ಅರಳಿದ ಮೇಲೆ ಯಾವ ಔಷಧಿಯನ್ನೂ ಹೊಡೆಯಬೇಡಿ, ಜೇನುಹುಳುಗಳು ಸಾಯುತ್ತವೆ. ರಾಶಿ ರಾಶಿ ಹೂವು ಉದುರಿದರೆ ಗಾಬರಿ ಬೇಡ. ನೂರು ಹೂವಿನಲ್ಲಿ ಕಾಯಾಗಿ ನಿಲ್ಲುವುದೇ ಬೆರಳೆಣಿಕೆಯಷ್ಟು. ಗಿಡದ ಕೆಳಗೆ ಸಂಜೆ ಒಂದು ಹಳೆಯ ಪಂಚೆ ಹಾಸಿಡಿ, ಬೆಳಗ್ಗೆ ಬಿದ್ದ ಎಸಳನ್ನು ಆರಿಸಿ ತಾಮ್ರದ ಬಿಂದಿಗೆಯ ಪಕ್ಕ ಒಂದು ತಟ್ಟೆಯಲ್ಲಿಟ್ಟರೆ ಮಧ್ಯಾಹ್ನದವರೆಗೂ ಪಡಸಾಲೆಯೆಲ್ಲ ಘಮಘಮ.