ದೊಡ್ಡ ಶಿಪ್‌ಗೆ ಆತುರ ಬೇಡ: ಈವ್ ಆನ್‌ಲೈನ್‌ನಲ್ಲಿ ನನ್ನ ಅನುಭವ

ಈವ್ ಆನ್‌ಲೈನ್ ಅಂದರೆ ಬಾಹ್ಯಾಕಾಶದಲ್ಲಿ ಶಿಪ್ ಓಡಿಸುವ ಆನ್‌ಲೈನ್ ಆಟ. ಅದರಲ್ಲಿ ನನ್ನ ಮೊದಲ ಬ್ಯಾಟಲ್‌ಶಿಪ್, ಅಂದರೆ ದೊಡ್ಡ ಯುದ್ಧನೌಕೆ, ರೇವನ್. ಅದು ನನ್ನ ಹತ್ತಿರ ಉಳಿದದ್ದು ಎರಡೇ ಮಿಷನ್, ಅಂದರೆ ಆಟದೊಳಗಿನ ಏಜೆಂಟ್‌ಗಳು ಕೊಡುವ ಎರಡೇ ಕೆಲಸ.

ಮೂರನೇ ಮಿಷನ್‌ನಲ್ಲಿ ಏನಾಯ್ತು ಅಂತ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕನೇ ಲೆವೆಲ್ ಮಿಷನ್ (ಲೆವೆಲ್ ಏರಿದಷ್ಟೂ ಕಷ್ಟ), ಎದುರಿಗೆ ಗುರಿಸ್ಟಾಸ್ ದರೋಡೆಕೋರರು. ದೂರದಲ್ಲಿದ್ದ ಅವರ ದೊಡ್ಡ ಶಿಪ್‌ಗಳಿಗೆ ಒಂದೊಂದಾಗಿ ಕ್ರೂಸ್ ಮಿಸೈಲ್ ಬಿಡುತ್ತಾ ಕೂತಿದ್ದೆ. ಅಷ್ಟರಲ್ಲಿ ನಾಲ್ಕೈದು ಪುಟ್ಟ ಫ್ರಿಗೇಟ್‌ಗಳು ಬಂದು ನನ್ನ ಸುತ್ತ ಸುತ್ತತೊಡಗಿದವು. ಶಿಪ್‌ನ ಹೊರಗಿನ ರಕ್ಷಣೆಯಾದ ಶೀಲ್ಡ್ ಇಳಿಯುತ್ತಿತ್ತು. ಓಡಿಹೋಗೋಣ ಅಂತ ವಾರ್ಪ್, ಅಂದರೆ ಭಾರೀ ವೇಗದಲ್ಲಿ ದೂರಕ್ಕೆ ಹಾರುವ ಗುಂಡಿ, ಒತ್ತಿದೆ. ಆಗಲಿಲ್ಲ. ಅವುಗಳಲ್ಲಿ ಎರಡು ನನ್ನ ವಾರ್ಪ್ ಡ್ರೈವನ್ನು ಸ್ಕ್ರ್ಯಾಂಬಲ್ ಮಾಡಿ, ಅಂದರೆ ಕೆಲಸ ಮಾಡದಂತೆ ತಡೆದು, ಹಿಡಿದುಕೊಂಡಿದ್ದವು. ಮಿಸೈಲನ್ನು ಅವುಗಳ ಕಡೆ ತಿರುಗಿಸಿದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಂತಾರಲ್ಲ, ಇಲ್ಲಿ ಬ್ರಹ್ಮಾಸ್ತ್ರ ಗುಬ್ಬಿಗೆ ನಾಟುವುದೇ ಇಲ್ಲ. ಕ್ರೂಸ್ ಮಿಸೈಲ್ ದೊಡ್ಡ ಗುರಿಗೆಂದೇ ಇರುವುದು. ಚಿಕ್ಕದಾಗಿ, ವೇಗವಾಗಿ ಓಡುವ ಶಿಪ್‌ಗೆ ಅದರ ಪೆಟ್ಟು ತೀರಾ ಕಡಿಮೆ ಬೀಳುತ್ತದೆ. ಆ ಫ್ರಿಗೇಟ್‌ಗಳನ್ನು ಓಡಿಸಲು ಬೇಕಿದ್ದದ್ದು ಚಿಕ್ಕ ಡ್ರೋನ್‌ಗಳು, ಅಂದರೆ ನಮ್ಮ ಶಿಪ್‌ನಿಂದ ಬಿಡುವ, ತಾವೇ ಹೋಗಿ ಹೊಡೆಯುವ ಪುಟ್ಟ ಯಂತ್ರಗಳು. ನನ್ನ ಡ್ರೋನ್ಸ್ ಸ್ಕಿಲ್ (ಆಟದಲ್ಲಿ ಐದು ಹಂತಗಳಲ್ಲಿ ಕಲಿಯುವ ಕೌಶಲ) ಎರಡನೇ ಹಂತದಲ್ಲೇ ನಿಂತಿತ್ತು, ಅಂದರೆ ಒಂದು ಸಲಕ್ಕೆ ಎರಡೇ ಡ್ರೋನ್. ಅವೂ ಬೇಗ ಹೋದವು. ಆಮೇಲೆ ಶಿಪ್ಪೂ ಹೋಯ್ತು.

ಹೊಸಬರಿಗೆ ನಾನು ಹೇಳುವುದೆಲ್ಲ ಆ ದಿನದಿಂದಲೇ ಶುರುವಾಗುತ್ತದೆ. ಈ ಆಟದಲ್ಲಿ ಶಿಪ್ ಓಡಿಸಲು ಬೇಕಾದ ಸ್ಕಿಲ್ ಬೇರೆ, ಅದನ್ನು ಉಳಿಸಿಕೊಳ್ಳಲು ಬೇಕಾದ ಸ್ಕಿಲ್‌ಗಳೇ ಬೇರೆ. ಮೊದಲನೆಯದು ಬೇಗ ಬಂದುಬಿಡುತ್ತದೆ. ಮೋಸ ಹೋಗುವುದು ಅಲ್ಲೇ. ಐದು ಡ್ರೋನ್ ಒಟ್ಟಿಗೆ ಬಿಡಬೇಕಾದರೆ ಡ್ರೋನ್ಸ್ ಸ್ಕಿಲ್ ಐದನೇ ಹಂತಕ್ಕೆ ಬರಬೇಕು. ನಾಲ್ಕನೇ ಹಂತ ಮುಗಿಯುವಾಗ ಅದಕ್ಕೆ ಒಟ್ಟು 45,255 ಸ್ಕಿಲ್ ಪಾಯಿಂಟ್ ಆಗಿರುತ್ತದೆ. ಐದಕ್ಕೆ 2,56,000 ಬೇಕು. ನಾವು ಆಡದಿದ್ದಾಗಲೂ ಸ್ಕಿಲ್ ಬೆಳೆಯುತ್ತಲೇ ಇರುತ್ತದೆ, ಅದೊಂದು ಸಮಾಧಾನ. ಹಾಗಾಗಿ ಸಣ್ಣ ಶಿಪ್‌ನಲ್ಲಿ ಮಿಷನ್ ಮಾಡುತ್ತಿರಿ, ಹಿಂದೆ ಸ್ಕಿಲ್ ತನ್ನ ಪಾಡಿಗೆ ಬೆಳೆಯಲಿ.

ರೇವನ್ ಹೋದ ಮೇಲೆ ನಾನು ಮತ್ತೆ ಕೆಳಗಿಳಿದು ಶುರು ಮಾಡಿದೆ. ನಾಚಿಕೆಪಡುವಂಥದ್ದೇನೂ ಇರಲಿಲ್ಲ, ನಿಜವಾಗಿ ಆಟ ಕಲಿತದ್ದು ಆಗಲೇ. ನಾನು ಆಟದ ಸಾಮ್ರಾಜ್ಯಗಳಲ್ಲೊಂದಾದ ಕಾಲ್ಡಾರಿ ಕಡೆಯವನು, ಮಿಸೈಲ್ ಇಷ್ಟ. ಒಂದನೇ ಲೆವೆಲ್‌ಗೆ ಕೆಸ್ಟ್ರೆಲ್ ಫ್ರಿಗೇಟ್, ಎರಡಕ್ಕೆ ಕೋರ್ಯಾಕ್ಸ್ ಡಿಸ್ಟ್ರಾಯರ್, ಅದು ಸಾಲದಾದಾಗ ಕ್ಯಾರಕಲ್ ಕ್ರೂಸರ್, ಮೂರಕ್ಕೆ ಡ್ರೇಕ್ ಬ್ಯಾಟಲ್‌ಕ್ರೂಸರ್. ಡ್ರೇಕ್‌ನಲ್ಲಿ ತುಂಬ ದಿನ ಇದ್ದೆ. ಅದರ ಶೀಲ್ಡ್ ಗಟ್ಟಿ, ತಪ್ಪು ಮಾಡಿದರೂ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಇನ್ನೊಂದು ಮಾತು. ಶೀಲ್ಡ್ ಶಿಪ್ ಆದರೆ ಶೀಲ್ಡನ್ನೇ ಬಲಪಡಿಸಿ. ಅರ್ಧ ಶೀಲ್ಡ್, ಅರ್ಧ ಆರ್ಮರ್ (ಶೀಲ್ಡ್‌ನ ಒಳಗಿನ ಕವಚ) ಹಾಕಿದರೆ ಎರಡೂ ಕೈಕೊಡುತ್ತವೆ.

ಮಿಸೈಲ್ ಇಷ್ಟ ಅಂದೆನಲ್ಲ, ಕಾರಣ ಇದೆ. ಇಲ್ಲಿ ಪೆಟ್ಟಿನಲ್ಲಿ ನಾಲ್ಕು ಬಗೆ: ಇಎಮ್ (ವಿದ್ಯುತ್ಕಾಂತೀಯ), ಥರ್ಮಲ್ (ಶಾಖ), ಕೈನೆಟಿಕ್ (ಡಿಕ್ಕಿಯ ಪೆಟ್ಟು), ಎಕ್ಸ್‌ಪ್ಲೋಸಿವ್ (ಸ್ಫೋಟ). ಪ್ರತಿಯೊಂದು ದರೋಡೆಕೋರ ಗುಂಪಿಗೂ ಒಂದು ದುರ್ಬಲ ಜಾಗ ಇರುತ್ತದೆ. ಗುರಿಸ್ಟಾಸ್‌ಗೆ ಕೈನೆಟಿಕ್, ಅಂದರೆ ಸ್ಕರ್ಜ್ ಮಿಸೈಲ್. ಬ್ಲಡ್ ರೇಡರ್ಸ್ ಮತ್ತು ಸಾನ್ಶಾಗೆ ಇಎಮ್, ಅಂದರೆ ಮ್ಯೋಲ್ನಿರ್. ಏಂಜೆಲ್ ಕಾರ್ಟೆಲ್‌ಗೆ ಎಕ್ಸ್‌ಪ್ಲೋಸಿವ್, ಅಂದರೆ ನೋವಾ. ಮಿಸೈಲ್ ಇದ್ದವರಿಗೆ ಮಿಸೈಲ್‌ನ ಬಗೆ ಬದಲಿಸಿದರೆ ಸಾಕು. ಲೇಸರ್ ಇಟ್ಟುಕೊಂಡವರಿಗೆ ಈ ಅನುಕೂಲ ಇಲ್ಲ, ಇಎಮ್ ಮತ್ತು ಥರ್ಮಲ್ ಬಿಟ್ಟರೆ ಬೇರೆ ಬರುವುದಿಲ್ಲ. ಮಿಷನ್ ವಿವರದಲ್ಲಿ ಎದುರಾಳಿ ಯಾರು ಅಂತ ಇರುತ್ತದೆ. ಅದನ್ನು ಓದದೆ ಹೊರಡಬೇಡಿ. ಅವರು ಹೊಡೆಯುವ ಪೆಟ್ಟೂ ಹೆಚ್ಚಾಗಿ ಅದೇ ಬಗೆಯದು, ಹಾಗಾಗಿ ಶೀಲ್ಡ್ ಹಾರ್ಡ್‌ನರ್ (ಒಂದು ಬಗೆಯ ಪೆಟ್ಟನ್ನು ತಡೆಯಲು ಶೀಲ್ಡ್ ಗಟ್ಟಿ ಮಾಡುವ ಉಪಕರಣ) ಆರಿಸಲೂ ಅದೇ ದಾರಿ.

ಮಿಷನ್ ಜಾಗದ ಒಳಗೆ ಹೋದ ಕೂಡಲೇ ನಾನು ಮಾಡುವ ಕೆಲಸ ಗುಂಡು ಹಾರಿಸುವುದಲ್ಲ. ಹತ್ತಿರದ ಸ್ಟೇಷನ್ ಕಡೆಗೆ ಶಿಪ್ ಅಲೈನ್ ಮಾಡಿ, ಅಂದರೆ ಆ ದಿಕ್ಕಿಗೆ ತಿರುಗಿಸಿ, ಓಡಿಸುತ್ತೇನೆ. ವಾರ್ಪ್ ಆಗಬೇಕಾದರೆ ಶಿಪ್ ಆ ದಿಕ್ಕಿನಲ್ಲಿ ತನ್ನ ಪೂರ್ತಿ ವೇಗದ ಮುಕ್ಕಾಲು ಭಾಗ ತಲುಪಿರಬೇಕು. ಬ್ಯಾಟಲ್‌ಶಿಪ್‌ಗೆ ಅದಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಮೊದಲೇ ಆ ಕಡೆ ಓಡುತ್ತಿದ್ದರೆ ಒತ್ತಿದ ಕೂಡಲೇ ಹೊರಟುಬಿಡಬಹುದು. ಆಮೇಲೆ ಡ್ರೋನ್. ಮೊದಲು ಸಾಯಬೇಕಾದದ್ದು ಸ್ಕ್ರ್ಯಾಂಬಲ್ ಮಾಡುವ ಫ್ರಿಗೇಟ್, ದೊಡ್ಡವು ಕಾಯಲಿ.

ಹಣದ ವಿಷಯ ಚಿಕ್ಕದಾಗಿ: ಮೂರನೇ ಲೆವೆಲ್ ದಾಟುವವರೆಗೆ ಹೆಚ್ಚು ಗಳಿಸುವ ಬಗ್ಗೆ ಯೋಚಿಸಲೇಬೇಡಿ. ಶಿಪ್‌ಗೆ ಇನ್ಶೂರೆನ್ಸ್ ಮಾಡಿಸಿ, ಆದರೆ ಒಳಗೆ ಹಾಕಿದ ಮಾಡ್ಯೂಲ್‌ಗಳಿಗೆ (ಆಯುಧ, ಉಪಕರಣಗಳಿಗೆ) ಅದು ಬರುವುದಿಲ್ಲ. ಇನ್ನೊಂದು ಶಿಪ್ ಕೊಳ್ಳುವಷ್ಟು ಕೈಯಲ್ಲಿ ಉಳಿದಿದ್ದರೆ ಮಾತ್ರ ಹೊಸದನ್ನು ಹೊರಗೆ ತೆಗೆಯಿರಿ.

ಕೊನೆಯದಾಗಿ ಏಜೆಂಟ್‌ಗಳು. ಎರಡನೇ ಲೆವೆಲ್‌ಗೆ ಸ್ಟ್ಯಾಂಡಿಂಗ್ (ಅವರ ಕಡೆಯವರಿಗೆ ನಮ್ಮ ಮೇಲಿರುವ ವಿಶ್ವಾಸದ ಅಂಕ) 1, ಮೂರಕ್ಕೆ 3, ನಾಲ್ಕಕ್ಕೆ 5 ಬೇಕು. ಅದನ್ನು ಏರಿಸುವ ಭರದಲ್ಲಿ ಬಂದ ಮಿಷನ್ನೆಲ್ಲ ಒಪ್ಪಿಕೊಳ್ಳಬೇಡಿ. ಬೇರೆ ಸಾಮ್ರಾಜ್ಯದ ಸೈನ್ಯದ ಮೇಲೆ ಹೋಗುವ ಮಿಷನ್ ಮಾಡುತ್ತಾ ಹೋದರೆ ಆ ಕಡೆ ನಿಮ್ಮ ಸ್ಟ್ಯಾಂಡಿಂಗ್ ಬೀಳುತ್ತದೆ. ಮೈನಸ್ 5ಕ್ಕೆ ಇಳಿದರೆ ಅವರ ಜಾಗದಲ್ಲಿ ಅವರ ಸೈನ್ಯವೇ ನಿಮ್ಮನ್ನು ಹೊಡೆಯುತ್ತದೆ. ಹಾಗೇ ಮಿಷನ್ ಯಾವ ಸಿಸ್ಟಮ್‌ನಲ್ಲಿದೆ (ಯಾವ ನಕ್ಷತ್ರದ ಸುತ್ತಲಿನ ಜಾಗದಲ್ಲಿದೆ) ಅಂತ ನೋಡಿ. ಸೆಕ್ಯೂರಿಟಿ, ಅಂದರೆ ಆ ಜಾಗ ಎಷ್ಟು ಸುರಕ್ಷಿತ ಅನ್ನುವ ಅಂಕ, 0.5 ಅಥವಾ ಮೇಲಿದ್ದರೆ ಸರಿ. 0.4 ಅಂತ ಕಂಡರೆ ನಾನು ಬೇಡ ಅನ್ನುತ್ತೇನೆ. ಒಬ್ಬ ಏಜೆಂಟ್‌ಗೆ ನಾಲ್ಕು ಗಂಟೆಗೊಂದು ಸಲ ಬೇಡ ಅಂದರೆ ಸ್ಟ್ಯಾಂಡಿಂಗ್ ಇಳಿಯುವುದಿಲ್ಲ. ಎರಡನೇ ಸಲವೂ ಅಂಥದ್ದೇ ಬಂದರೆ ಪಕ್ಕದ ಸ್ಟೇಷನ್‌ನ ಇನ್ನೊಬ್ಬ ಏಜೆಂಟ್ ಹತ್ತಿರ ಹೋಗುತ್ತೇನೆ.