ಕ್ರೋಶಾ ಕಡ್ಡಿಯಲ್ಲಿ ನಮ್ಮ ರಾಜ್ಯ ಚಿಟ್ಟೆ

ಕ್ರೋಶಾ ಚಿಟ್ಟೆ ಅಂದರೆ ಸಾಮಾನ್ಯವಾಗಿ ಗುಲಾಬಿ, ತಿಳಿನೀಲಿ ದಾರಗಳೇ ಕಾಣುತ್ತವೆ. ನಾನಂತೂ ಕಪ್ಪು-ಹಳದಿಯನ್ನೇ ಹೇಳುವುದು. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ನೋಡಿದ್ದೀರಲ್ವಾ? ಪಶ್ಚಿಮ ಘಟ್ಟದ ಈ ದೊಡ್ಡ ಚಿಟ್ಟೆಯ ಮುಂದಿನ ರೆಕ್ಕೆ ಕಪ್ಪು, ಹಿಂದಿನ ರೆಕ್ಕೆ ಹೊಳೆಯುವ ಹಳದಿ, ಕತ್ತಿನ ಹತ್ತಿರ ಚೂರು ಕೆಂಪು. ಈ ಬಣ್ಣಗಳನ್ನು ದಾರದಲ್ಲಿ ತರುವುದು ಕಷ್ಟವೇನಲ್ಲ.

ಕಪ್ಪು ಮತ್ತು ಹಳದಿ ಹತ್ತಿ ದಾರ, ಒಂದೆರಡು ಗೇಣು ಕೆಂಪು ದಾರ, 2.5 ಮಿ.ಮೀ. ಕಡ್ಡಿ, ದಪ್ಪ ಕಣ್ಣಿನ ಸೂಜಿ. ಇಷ್ಟಿದ್ದರೆ ಸಾಕು. ಉಲ್ಲನ್ ದಾರದಲ್ಲೂ ಮಾಡಬಹುದು, ಆದರೆ ರೆಕ್ಕೆ ಜೋತು ಬೀಳುತ್ತದೆ. ಹತ್ತಿ ದಾರವೇ ವಾಸಿ.

ಕಪ್ಪು ದಾರದಲ್ಲಿ 5 ಚೈನ್ (ಕಡ್ಡಿಯ ಮೇಲಿನ ಕುಣಿಕೆಯೊಳಗಿಂದ ದಾರ ಎಳೆದರೆ ಒಂದು ಚೈನ್) ಹಾಕಿ, ಸ್ಲಿಪ್ ಸ್ಟಿಚ್‌ನಿಂದ (ಕಡ್ಡಿ ತೂರಿಸಿ, ದಾರ ಹಿಡಿದು, ಕಡ್ಡಿಯ ಮೇಲಿನ ಕುಣಿಕೆಯೊಳಗಿಂದಲೂ ಒಮ್ಮೆಗೇ ಎಳೆಯುವುದು) ಉಂಗುರ ಮಾಡಿಕೊಳ್ಳಿ. ಈಗ 3 ಚೈನ್ ಮೇಲಕ್ಕೆ. ಇದು ಮೊದಲ ಡಬಲ್ ಕ್ರೋಶಾ ಲೆಕ್ಕ. ಉಂಗುರದೊಳಗೆ ಇನ್ನೊಂದು ಡಬಲ್ ಕ್ರೋಶಾ ಹಾಕಿ, 2 ಚೈನ್ ಬಿಡಿ. ಡಬಲ್ ಕ್ರೋಶಾ ಗೊತ್ತಿಲ್ಲದವರಿಗೆ: ದಾರವನ್ನು ಕಡ್ಡಿಗೆ ಒಮ್ಮೆ ಸುತ್ತಿ, ಉಂಗುರದೊಳಗೆ ತೂರಿಸಿ, ದಾರ ಎಳೆದುಕೊಳ್ಳಿ. ಕಡ್ಡಿಯ ಮೇಲೆ 3 ಕುಣಿಕೆ ಇರುತ್ತವೆ. ದಾರ ಹಿಡಿದು ಎರಡರೊಳಗಿಂದ ಎಳೆಯಿರಿ, ಮತ್ತೆ ಹಿಡಿದು ಉಳಿದ ಎರಡರೊಳಗಿಂದ ಎಳೆಯಿರಿ. ಬ್ರಿಟಿಷ್ ಪದ್ಧತಿಯ ಮಾದರಿಗಳಲ್ಲಿ ಇದನ್ನೇ ಟ್ರೆಬಲ್ ಎಂದು ಬರೆದಿರುತ್ತಾರೆ, ಗಾಬರಿಯಾಗಬೇಡಿ.

ಮೊದಲ ಜೋಡಿ ಆಯಿತು. 2 ಡಬಲ್ ಕ್ರೋಶಾ, 2 ಚೈನ್, ಹೀಗೆ ಒಟ್ಟು ಇನ್ನೂ 7 ಸಲ ಮಾಡಿ ಸುತ್ತು ಮುಗಿಸಿ. ಈಗ ಎಣಿಸಿ: 8 ಜೋಡಿ, ನಡುವೆ 8 ಕಿಂಡಿ ಇರಬೇಕು. ಒಂದು ಹೆಚ್ಚುಕಮ್ಮಿಯಾದರೂ ಮುಂದೆ ಬಣ್ಣ ಕೂಡುವುದಿಲ್ಲ. ಹಾಗಾಗಿ ಇಲ್ಲೇ ಬಿಚ್ಚಿ ಸರಿಮಾಡಿಕೊಳ್ಳಿ.

ಎರಡನೇ ಸುತ್ತಿನಲ್ಲಿ ಎಸಳುಗಳು ಬರುತ್ತವೆ. ಸ್ಲಿಪ್ ಸ್ಟಿಚ್ ಹಾಕುತ್ತಾ ಮೊದಲ ಕಿಂಡಿಗೆ ಬನ್ನಿ. 3 ಚೈನ್ ಮತ್ತು 6 ಡಬಲ್ ಕ್ರೋಶಾ, ಒಟ್ಟು 7, ಆ ಒಂದೇ ಕಿಂಡಿಯಲ್ಲಿ. ಮುಂದಿನ ಜೋಡಿಯ ಎರಡು ಡಬಲ್ ಕ್ರೋಶಾಗಳ ನಡುವೆ ಸ್ಲಿಪ್ ಸ್ಟಿಚ್ ಹಾಕಿ ಕೆಳಗಿಳಿಸಿ. ಒಂದು ಎಸಳು ಆಯಿತು. ಉಳಿದ ಕಿಂಡಿಗಳಿಗೆ ತಲಾ 7 ಡಬಲ್ ಕ್ರೋಶಾ, ಮತ್ತೆ ಅದೇ ಸ್ಲಿಪ್ ಸ್ಟಿಚ್.

ಬಣ್ಣದ ಗುಟ್ಟು ಇಲ್ಲಿದೆ. ಎರಡು ಎಸಳು ಕಪ್ಪು, ಎರಡು ಹಳದಿ, ಮತ್ತೆ ಎರಡು ಕಪ್ಪು, ಎರಡು ಹಳದಿ. ಎರಡನೇ ಎಸಳು ಮುಗಿಸುವ ಸ್ಲಿಪ್ ಸ್ಟಿಚ್‌ನಲ್ಲೇ ಹಳದಿ ದಾರವನ್ನು ಎಳೆದುಕೊಳ್ಳಿ. ಕಪ್ಪು ದಾರ ಕತ್ತರಿಸಬೇಡಿ. ಅದನ್ನು ಕಿಂಡಿಯ ಚೈನ್ ಮೇಲೆ ಮಲಗಿಸಿ, ಅದನ್ನೂ ಸೇರಿಸಿಕೊಂಡು ಹೆಣೆಯುತ್ತಾ ಹೋಗಿ. ಮುಂದಿನ ಕಪ್ಪು ಎಸಳು ಬಂದಾಗ ದಾರ ಅಲ್ಲೇ ಕಾಯುತ್ತಿರುತ್ತದೆ. ಸುತ್ತು ಮುಗಿದ ಮೇಲೆ ದಾರ ಕತ್ತರಿಸಿ, ಬಾಲಗಳನ್ನು ಸೂಜಿಯಿಂದ ಹಿಂಭಾಗದಲ್ಲಿ ಅಡಗಿಸಿ.

ಕೈಯಲ್ಲಿರುವುದು ಅಂಚು ಅಲೆಯಲೆಯಾಗಿರುವ ಎಂಟೆಸಳಿನ ಹೂವು. ಅಲೆ ಇರಲಿ, ಚಿಟ್ಟೆಗೆ ಅದು ಬೇಕು. ಎರಡು ಕಪ್ಪು ಎಸಳು ಸೇರುವ ಸಂದಿಯನ್ನು ಹಿಡಿಯಿರಿ. ಸರಿಯಾಗಿ ಎದುರಿಗೆ ಇನ್ನೊಂದು ಕಪ್ಪು-ಕಪ್ಪು ಸಂದಿ ಇರುತ್ತದೆ. ಆ ಗೆರೆಯ ಮೇಲೆ ಅರ್ಧಕ್ಕೆ ಮಡಿಸಿ. ಮೇಲೆ ಎರಡೂ ಬದಿಗೆ ಕಪ್ಪು, ಕೆಳಗೆ ಹಳದಿ. ಹೂವು ಚಿಟ್ಟೆಯಾಗಿಬಿಟ್ಟಿತು! ಮಡಿಕೆ ಬೇರೆ ಸಂದಿಯಲ್ಲಿ ಬಿದ್ದರೆ ಈ ಬಣ್ಣ ಬರುವುದಿಲ್ಲ.

ಇನ್ನು ಮೈ. ಒಂದು ಮೊಳ ಕಪ್ಪು ದಾರ ತೆಗೆದುಕೊಂಡು, ಮಡಿಕೆಯ ನಡುವಿನಿಂದ ಕೆಳಗಿನ ಎರಡು ಹಳದಿ ಎಸಳುಗಳ ಸಂದಿಗೆ ಆರೇಳು ಸುತ್ತು ಬಿಗಿಯಾಗಿ ಸುತ್ತಿ. ಬಿಗಿದಷ್ಟೂ ರೆಕ್ಕೆ ಅರಳುತ್ತದೆ. ಮೇಲ್ಭಾಗದಲ್ಲಿ ಗಂಟು ಹಾಕಿ, ಎರಡು ತುದಿಗಳನ್ನು 3 ಸೆಂ.ಮೀ. ಉಳಿಸಿ ಕತ್ತರಿಸಿ. ತುದಿಗೊಂದೊಂದು ಸಣ್ಣ ಗಂಟು ಹಾಕಿದರೆ ಮೀಸೆ. ಮೀಸೆಯ ಬುಡದಲ್ಲಿ ಕೆಂಪು ದಾರವನ್ನು ಎರಡು ಸುತ್ತು ಹೊಲಿಯಿರಿ. ಇದನ್ನು ಮಾತ್ರ ಬಿಡಬೇಡಿ, ಚಿಟ್ಟೆಯ ಕಳೆ ಬರುವುದೇ ಇದರಿಂದ.

ಸುಮಾರು 5 ಸೆಂ.ಮೀ. ಅಗಲದ ಚಿಟ್ಟೆ ಸಿದ್ಧ. ಪರದೆಗೆ, ಬಾಗಿಲ ತೋರಣಕ್ಕೆ, ಮಕ್ಕಳ ಕ್ಲಿಪ್ಪಿಗೆ ಹೊಲಿಯಬಹುದು. ರೆಕ್ಕೆ ಗಟ್ಟಿಯಾಗಿ ನಿಲ್ಲಬೇಕೆಂದರೆ ತೆಳು ಅನ್ನದ ಗಂಜಿಯಲ್ಲಿ ಅದ್ದಿ, ಗುಂಡುಪಿನ್ ಚುಚ್ಚಿ ಆಕಾರ ಕೊಟ್ಟು, ನೆರಳಲ್ಲಿ ಒಣಗಿಸಿ. ಅದ್ದುವ ಮೊದಲು ಕೆಂಪು ದಾರದ ಒಂದು ತುಂಡನ್ನು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಮೊದಲು ಗಂಜಿ ಹಾಕಿ ಒಣಗಿಸಿ, ಕೆಂಪು ಆಮೇಲೆ ಹೊಲಿಯಿರಿ.